ನೆಲದಡಿಯ ಪಿತ್ರಾರ್ಜಿತ

ಹೊಲ ಮಾರಿದವರನ್ನು ನೀವು ಕಂಡಿದ್ದೀರಿ. ಮನೆ ಮಾರಿದವರನ್ನೂ ಒಡವೆ ಮಾರಿದವರನ್ನೂ ಕಂಡಿದ್ದೀರಿ. ಆದರೆ ಹೊಲವನ್ನು ಬೇರೊಬ್ಬರಿಗೆ ಮಾರಿ, ಅದರ ಕೆಳಗೆ ಒಂದು ಮೈಲಿಗೂ ಹೆಚ್ಚು ಆಳದಲ್ಲಿರುವ ಅನಿಲವನ್ನು ಮಾತ್ರ ತಮಗೇ ಉಳಿಸಿಕೊಂಡವರನ್ನು ಕಂಡಿದ್ದೀರಾ? ಮೊನ್ನೆ ಮೊನ್ನೆಯವರೆಗೆ ನಾನೂ ಕಂಡಿರಲಿಲ್ಲ.

ನನ್ನ ಅಕ್ಕನ ಮಗಳು ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿದ್ದಾಳೆ. ಕೈಹಿಡಿದವನು ಅಲ್ಲಿಯವನೇ, ಒಕ್ಕಲು ಮನೆತನದವನು. ಒಂದು ದಿನ ಅವಳು ದೂರವಾಣಿಯಲ್ಲಿ, “ಮಾವ, ನಮ್ಮನೆಯವರ ತಂದೆ ತೀರಿಕೊಂಡರಲ್ಲ, ಅವರಿಂದ ಇವರ ಪಾಲಿಗೆ ಸ್ವಲ್ಪ ಗ್ಯಾಸು ಬಂದಿದೆ. ಮಾರಿಬಿಡೋಣವೆ, ಇಟ್ಟುಕೊಳ್ಳೋಣವೆ?” ಎಂದು ಕೇಳಿದಳು. ನಾನು ನಮ್ಮ ಅಡುಗೆಮನೆಯ ಸಿಲಿಂಡರನ್ನು ನೆನೆದುಕೊಂಡು, “ಒಂದು ಹೆಚ್ಚಿಗೆ ಇದ್ದರೆ ಇರಲಿ ಬಿಡಮ್ಮ, ಆಪತ್ತಿಗೆ ಆದೀತು” ಎಂದೆ. ಅವಳು ನಕ್ಕ ನಗು ಸಮುದ್ರ ದಾಟಿ ಬಂದು ನನ್ನ ಕಿವಿಗೆ ಬಿತ್ತು. ಆ ಬಳಿಕ ನಾಲ್ಕಾರು ಭಾನುವಾರ ಕುಳಿತು ಈ ವಿಷಯವನ್ನು ಅವಳಿಂದಲೇ ಕಲಿತೆ. ಕಲಿತದ್ದರಲ್ಲಿ ನಿಮಗೂ ಒಪ್ಪುವಂಥ ಸಂಗತಿ ಇದೆಯೆಂದು ತೋರಿ ಇಲ್ಲಿ ಹೇಳುತ್ತಿದ್ದೇನೆ.

ನಮ್ಮಲ್ಲಿ ನೆಲ ರೈತನದಾದರೂ ಅದರಡಿಯ ಖನಿಜ ಸರಕಾರದ್ದು. 1964ರ ಭೂ ಕಂದಾಯ ಕಾಯಿದೆ ಈ ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದು ಉಚ್ಛ್ರಾಯದಲ್ಲಿದ್ದಾಗ ಅದರ ರಾಜಧನ ಸಂದದ್ದು ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ, ಆ ನೆಲದ ಒಕ್ಕಲಿಗೆ ಅಲ್ಲ. ಇಂಗ್ಲಿಷಿನ ‘ರಾಯಲ್ಟಿ’ಗೆ ನಾವು ‘ರಾಜಧನ’ ಎನ್ನುತ್ತೇವೆ. ಎರಡರ ಒಳಗೂ ಅರಸನೇ ಕುಳಿತಿದ್ದಾನೆ. ಅಮೆರಿಕದಲ್ಲಿಯಾದರೋ ನೆಲದೊಡೆಯನೇ ಅದರಡಿಯ ಒಡೆಯ. ಕಂಪನಿ ಅವನಿಂದ ಗುತ್ತಿಗೆ ಪತ್ರ ಬರೆಸಿಕೊಂಡು ಅನಿಲವನ್ನು ತೆಗೆಯುತ್ತದೆ; ಮಾರಿದ ಹಣದಲ್ಲಿ ಅವನಿಗೆ ಪಾಲು ಕೊಡುತ್ತದೆ. ರಾಜಧನ ಅಲ್ಲಿ ರೈತನ ಮನೆಗೆ ಚೆಕ್ಕಾಗಿ ಬರುತ್ತದೆ. ಇನ್ನೂ ಒಂದು ವಿಚಿತ್ರವೆಂದರೆ, ಮೇಲಿನ ನೆಲ ಬೇರೆ, ಕೆಳಗಿನ ಹಕ್ಕು ಬೇರೆ ಎಂದು ಎರಡಾಗಿ ಸೀಳಿ ಮಾರಬಹುದು. ನಮ್ಮ ಹುಡುಗಿಯ ಮಾವನವರು ಮಾಡಿದ್ದು ಅದನ್ನೇ. ನಲವತ್ತು ಎಕರೆ ನೆಲವನ್ನು ಹಿಂದೆಯೇ ಮಾರಿದ್ದರು; ಕೆಳಗಿನ ಹಕ್ಕನ್ನು ಮಾತ್ರ ಕ್ರಯಪತ್ರದಲ್ಲಿ ತಮಗೇ ಉಳಿಸಿಕೊಂಡಿದ್ದರು.

ಇದನ್ನು ಕೇಳಿದಾಗ ನನಗೆ ನಮ್ಮ ಶಾಸನಗಳು ನೆನಪಾದವು. ವಿಜಯನಗರ ಕಾಲದ ಭೂದಾನಗಳಲ್ಲಿ ಬರಿಯ ಹೊಲವನ್ನು ಕೊಟ್ಟೆವೆಂದು ಹೇಳಿ ಸುಮ್ಮನಾಗುವುದಿಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಂಟು ಭೋಗಗಳನ್ನು ಎಣಿಸಿ ಕೊಡುತ್ತಾರೆ. ನೆಲದೊಳಗೆ ಹೂತದ್ದು, ನೀರು, ಕಲ್ಲು, ಕುಂದದೆ ನಿಲ್ಲುವ ಲಾಭ, ಮುಂದೆ ಬರುವಂಥದು, ಈಗಾಗಲೇ ಕೈಗೂಡಿದ್ದು, ಇನ್ನು ಕೈಗೂಡಬಹುದಾದ್ದು, ಇವೆಲ್ಲ ಬೇರೆ ಬೇರೆ ಹಕ್ಕುಗಳೆಂದು ಆ ಹಿರಿಯರು ಅರಿತಿದ್ದರು. ಮಾರುವುದೋ ಬಿಡುವುದೋ ಎಂಬ ಪ್ರಶ್ನೆಗೆ ಈ ಎಂಟರಲ್ಲಿ ಮೂರು ಮಾತು ಸಾಕು: ಸಿದ್ಧ, ಸಾಧ್ಯ, ಅಕ್ಷೀಣಿ.

ಮೊದಲು ಸಿದ್ಧವೆಷ್ಟು ನೋಡೋಣ. ಅಲ್ಲಿ ಅಕ್ಕಪಕ್ಕದ ಹಿಡುವಳಿಗಳನ್ನು ಕೂಡಿಸಿ ಒಂದು ಘಟಕ ಮಾಡುತ್ತಾರೆ. 640 ಎಕರೆಯ ಘಟಕದಲ್ಲಿ ನಿಮ್ಮದು 40 ಎಕರೆಯಾದರೆ ಹದಿನಾರರಲ್ಲಿ ಒಂದು ಪಾಲು. ಪೆನ್ಸಿಲ್ವೇನಿಯದ 1979ರ ಕಾನೂನಿನಂತೆ ರಾಜಧನ ಎಂಟರಲ್ಲಿ ಒಂದಕ್ಕೆ ಕಡಮೆ ಇರಕೂಡದು. ಹದಿನಾರರಲ್ಲೊಂದರ ಎಂಟರಲ್ಲೊಂದು ಎಂದರೆ 128ರಲ್ಲಿ ಒಂದು. ಅಣ್ಣತಮ್ಮಂದಿರಿಬ್ಬರಿದ್ದರೆ ಒಬ್ಬೊಬ್ಬನಿಗೆ 256ರಲ್ಲಿ ಒಂದು. ಘಟಕದಿಂದ ತಿಂಗಳಿಗೆ ಹತ್ತು ಲಕ್ಷ ಡಾಲರಿನ ಅನಿಲ ಮಾರಾಟವಾದರೆ ಅವನಿಗೆ ಸಲ್ಲುವುದು 3,906 ಡಾಲರು. ಅದೂ ಪೂರ್ತಿ ಕೈಗೆ ಬಾರದಿರಬಹುದು. ಅನಿಲವನ್ನು ಶುದ್ಧಿಮಾಡಿ ಮಾರುಕಟ್ಟೆಗೆ ಮುಟ್ಟಿಸುವ ಖರ್ಚನ್ನು ಕಳೆದ ಮೇಲೆ ಎಂಟನೆಯ ಪಾಲನ್ನು ಲೆಕ್ಕ ಹಾಕಬಹುದೆಂದು ಆ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯ 2010ರಲ್ಲಿ ತೀರ್ಪು ಕೊಟ್ಟಿದೆ. ಆದುದರಿಂದ ಚೆಕ್ಕಿನ ಮೊತ್ತವನ್ನಷ್ಟೇ ನೋಡಿದರೆ ಸಾಲದು; ಅದರೊಂದಿಗೆ ಬರುವ ಚೀಟಿಯಲ್ಲಿ ಅನಿಲವೆಷ್ಟು, ದರವೆಷ್ಟು, ಕಡಿತವೆಷ್ಟು ಎಂಬುದನ್ನೂ ನೋಡಬೇಕು. ಮೂರು ವರ್ಷದ ಚೀಟಿಗಳನ್ನು ಸಾಲಾಗಿ ಇಟ್ಟರೆ ಅರ್ಧ ಕಥೆ ತಾನೇ ತಿಳಿಯುತ್ತದೆ.

ಇನ್ನು ಅಕ್ಷೀಣಿ. ಈ ಆಸ್ತಿಗೆ ಸಲ್ಲದ ಹೆಸರು ಅದೊಂದೇ. ಆ ಸೀಮೆಯ ಅನಿಲವಿರುವುದು ಮಾರ್ಸೆಲಸ್ ಎಂಬ ಪದರುಗಲ್ಲಿನಲ್ಲಿ. ಮೊದಲು ಕೆಳಕ್ಕೆ, ಅನಂತರ ಅಡ್ಡಕ್ಕೆ ಕೊರೆದು, ನೀರು ಮರಳುಗಳನ್ನು ಒತ್ತಿ ನುಗ್ಗಿಸಿ ಆ ಕಲ್ಲನ್ನು ಬಿರಿಯಿಸುತ್ತಾರೆ. ಬಿರಿದ ಹೊಸದರಲ್ಲಿ ಅನಿಲ ಭೋರೆಂದು ಬರುತ್ತದೆ. ಮೊದಲ ವರ್ಷ ಮುಗಿಯುವಷ್ಟರಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯುವುದು ಸಾಮಾನ್ಯ. ಆಮೇಲೆ ವರ್ಷಾನುಗಟ್ಟಲೆ ಸಣ್ಣಗೆ ಜಿನುಗುತ್ತದೆ. ಅಲ್ಲಿಯ ವರಮಾನ ತೆರಿಗೆಯವರಿಗೂ ಇದು ಗೊತ್ತು. ರಾಜಧನದ ವರಮಾನದಲ್ಲಿ ಸಾಮಾನ್ಯವಾಗಿ ನೂರಕ್ಕೆ ಹದಿನೈದರಷ್ಟನ್ನು ಸವಕಳಿಯೆಂದು ಬಿಟ್ಟುಕೊಡುತ್ತಾರೆ. ಮೊದಲ ವರ್ಷದ ಚೆಕ್ಕನ್ನು ನೋಡಿ ಸಾಲ ಮಾಡಿ ಮನೆ ಕಟ್ಟಿದವನು ಮೂರನೆಯ ವರ್ಷ ತಲೆಯ ಮೇಲೆ ಕೈ ಹೊತ್ತು ಕೂರಬೇಕಾಗುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಆ ದೇಶಕ್ಕೂ ಸಲ್ಲುತ್ತದೆ.

ಬೆಲೆಯ ಕಥೆಯೂ ಚಂಚಲೆಯದು. ಹತ್ತು ಲಕ್ಷ ಬಿ.ಟಿ.ಯು. ಎಂಬ ಅಳತೆಯ ಅನಿಲಕ್ಕೆ ಲೂಸಿಯಾನದ ಹೆನ್ರಿ ಹಬ್ ಎಂಬಲ್ಲಿಯ ದರವನ್ನು ಅಮೆರಿಕದವರು ಮಾದರಿಯಾಗಿ ಹಿಡಿಯುತ್ತಾರೆ. ಅದು 2008ರ ಜೂನಿನಲ್ಲಿ 12 ಡಾಲರನ್ನು ದಾಟಿತ್ತು. 2012ರ ಏಪ್ರಿಲಿನಲ್ಲಿ 2 ಡಾಲರಿಗೂ ಕೆಳಗೆ ಬಂದಿತ್ತು. 2022ರ ಆಗಸ್ಟಿನಲ್ಲಿ ಮತ್ತೆ 8 ಡಾಲರಿಗೆ ಮೇಲೆ ಏರಿ, 2024ರ ಮಾರ್ಚಿನಲ್ಲಿ ಒಂದೂವರೆ ಡಾಲರಿಗೆ ಕುಸಿದಿತ್ತು. ಇಂಥ ದರವನ್ನು ನಂಬಿ ಮುಂದಿನ ಹತ್ತು ವರ್ಷದ ಜಾತಕ ಬರೆಯುವವರು ಯಾರು?

ಹಾಗಿದ್ದರೂ ಕೊಳ್ಳುವವರಿದ್ದಾರೆ. ತಂದೆ ತೀರಿದ ಕೆಲವೇ ತಿಂಗಳಲ್ಲಿ ಆ ಮನೆಗೆ ಒಂದು ಕಾಗದ ಬಂದಿತು. ತಮ್ಮನ ಪಾಲಿಗೆ ಆಗ ತಿಂಗಳಿಗೆ ಬರುತ್ತಿದ್ದುದು ಸುಮಾರು 400 ಡಾಲರು. ಕಾಗದದವರು 30,000 ಡಾಲರು ಕೊಡುವೆವೆಂದರು. ಮೂವತ್ತು ದಿನದೊಳಗೆ ರುಜು ಹಾಕಬೇಕೆಂದರು. ಆರು ವರ್ಷಕ್ಕೂ ಮೀರಿದ ವರಮಾನ ಒಟ್ಟಿಗೇ ಬರುತ್ತದಲ್ಲ ಎಂದು ಅವರಿಗೆ ಹಿಗ್ಗು. ನನಗೆ ಮಾತ್ರ ನಮ್ಮ ಚೇಣಿದಾರನ ಮುಖ ಕಣ್ಣಿಗೆ ಕಟ್ಟಿತು.

ನಮ್ಮದು ತೀರ್ಥಹಳ್ಳಿಯ ಕಡೆ. ನಾನು ಹುಡುಗನಾಗಿದ್ದಾಗ ಒಂದು ವರ್ಷ ಅಡಕೆಯ ಧಾರಣೆ ಬಿದ್ದಿತ್ತು. ಮರದ ಮೇಲಿನ ಫಸಲನ್ನು ಚೇಣಿಗೆ ಹಿಡಿಯುವವನೊಬ್ಬ ಮನೆಗೆ ಬಂದು, ಮೂರು ವರ್ಷದ ಫಸಲಿಗೆ ಒಟ್ಟಿಗೇ ಹಣ ಎಣಿಸುವೆನೆಂದ. ಅಕ್ಕನ ಮದುವೆಯ ಖರ್ಚು ಎದುರಿಗಿತ್ತು, ತಂದೆ ಒಪ್ಪಿಬಿಟ್ಟರು. ಮರುವರ್ಷ ಧಾರಣೆ ಏರಿತು. ತಂದೆಯವರು ಕೊನೆಯವರೆಗೂ ಹೇಳುತ್ತಿದ್ದ ಮಾತು ಇದು: “ಮಾರಿದ್ದಕ್ಕೆ ನನಗೆ ದುಃಖವಿಲ್ಲ, ಮಗಳ ಮದುವೆ ನಿಂತಿರಲಿಲ್ಲವೆ? ಒಂದು ಸಲ ಶಿವಮೊಗ್ಗದ ಮಂಡಿಗೆ ಹೋಗಿ ಕೇಳದೆ ಮಾರಿದೆನಲ್ಲ, ಅದಕ್ಕೆ ದುಃಖ.” ಚೇಣಿದಾರ ಮೋಸಗಾರನಲ್ಲ. ಅವನಿಗೆ ಮಂಡಿಯ ಮಾತು ಗೊತ್ತಿತ್ತು, ನಮ್ಮವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಈ ಕಥೆಯನ್ನೇ ಹುಡುಗಿಗೆ ಹೇಳಿ, “ನೋಡಮ್ಮ, ಆ ಕಾಗದ ಈಗಲೇ ಯಾಕೆ ಬಂತು, ಅದನ್ನು ಮೊದಲು ಕಂಡುಕೊಳ್ಳಿ” ಎಂದೆ. ಬೇರೇನು ಹೇಳುವಷ್ಟು ವಿದ್ಯೆ ನನಗಿರಲಿಲ್ಲ. ಗಂಡಹೆಂಡಿರು ಹುಡುಕಿದರು. ಯಾವ ಬಾವಿಯಿಂದ ಎಷ್ಟು ಅನಿಲ ಬಂತು, ಯಾವ ಕಂಪನಿಗೆ ಎಲ್ಲಿ ಹೊಸ ಬಾವಿ ಕೊರೆಯಲು ಪರವಾನಗಿ ಸಿಕ್ಕಿದೆ ಎಂಬುದನ್ನು ಅಲ್ಲಿಯ ಪರಿಸರ ಇಲಾಖೆ ಎಲ್ಲರೂ ನೋಡುವಂತೆ ಪ್ರಕಟಿಸುತ್ತದೆ. ತಮ್ಮದೇ ಘಟಕದಲ್ಲಿ ಇನ್ನೆರಡು ಬಾವಿಗಳಿಗೆ ಪರವಾನಗಿ ದೊರೆತಿರುವುದು ಅದರಲ್ಲಿ ಕಂಡಿತು. ಕಾಗದದವರು ಸಿದ್ಧಕ್ಕೆ ಬೆಲೆ ಕಟ್ಟಿ, ಸಾಧ್ಯವನ್ನು ಪುಕ್ಕಟೆಯಾಗಿ ಬುಟ್ಟಿಗೆ ಹಾಕಿಕೊಳ್ಳಲಿದ್ದರು! ಇನ್ನೊಂದು ಸಂಗತಿಯೂ ಹೊರಬಿದ್ದಿತು. ಕಾಗದದಲ್ಲಿ ರಾಜಧನವನ್ನು ಕೊಳ್ಳುವೆವೆಂದಿತ್ತು. ಜೊತೆಗಿದ್ದ ಕ್ರಯಪತ್ರದಲ್ಲಿ ನೆಲದಡಿಯ ಸಮಸ್ತ ಹಕ್ಕನ್ನೂ ಬರೆದಿತ್ತು. ಇವೆರಡೂ ಒಂದಲ್ಲ. ರಾಜಧನ ಮಾತ್ರ ಉಳ್ಳವನಿಗೆ ಬಂದ ಅನಿಲದಲ್ಲಿ ಪಾಲು ಉಂಟು. ಖನಿಜದ ಹಕ್ಕುಳ್ಳವನಿಗೆ, ಈಗಿನ ಗುತ್ತಿಗೆ ತೀರಿದ ಮೇಲೆ ಹೊಸ ಗುತ್ತಿಗೆ ಬರೆದುಕೊಟ್ಟು ಮುಂಗಡ ಪಡೆಯುವ ಅಧಿಕಾರವೂ ಉಂಟು.

ಆದರೆ ಇಷ್ಟಕ್ಕೇ ಇಟ್ಟುಕೊಳ್ಳುವುದೇ ಜಾಣತನವೆಂದು ನೀವು ತೀರ್ಮಾನಿಸಬೇಡಿರಿ. ಪರವಾನಗಿ ಸಿಕ್ಕಿದ ಬಾವಿಯನ್ನೆಲ್ಲ ಕೊರೆಯುತ್ತಾರೆಂಬ ನಿಯಮವಿಲ್ಲ. ದರ ಬಿದ್ದರೆ ಕಂಪನಿ ಕೈಕಟ್ಟಿ ಕೂರುತ್ತದೆ. ಮಾರುವವನಿಗೆ ಅಲ್ಲಿಯ ಕಾನೂನಿನಲ್ಲಿ ಒಂದು ಅನುಕೂಲವೂ ಇದೆ. ಪಿತ್ರಾರ್ಜಿತಕ್ಕೆ, ತಂದೆ ತೀರಿದ ದಿನ ಏನು ಬೆಲೆಯಿತ್ತೋ ಅದೇ ಮಗನಿಗೆ ಅಸಲು; ಅದಕ್ಕಿಂತ ಹೆಚ್ಚಿಗೆ ಮಾರಿದರೆ ಹೆಚ್ಚಿದ್ದಕ್ಕೆ ಮಾತ್ರ ಲಾಭದ ತೆರಿಗೆ. ಆದುದರಿಂದ ಮಾರಲಿ ಬಿಡಲಿ, ಆ ದಿನದ ಬೆಲೆಯನ್ನು ಬಲ್ಲವರಿಂದ ಬರೆಯಿಸಿ ಇಟ್ಟುಕೊಳ್ಳಬೇಕು. ಹಕ್ಕನ್ನು ತಮ್ಮ ಹೆಸರಿಗೆ ಕೌಂಟಿಯ ಕಚೇರಿಯಲ್ಲಿ ದಾಖಲು ಮಾಡಿಸಬೇಕು. ಇಲ್ಲದಿದ್ದರೆ ಕಂಪನಿ ಹಣವನ್ನು ತಡೆಹಿಡಿಯುತ್ತದೆ. ಆ ಸಂಸ್ಥಾನದ ವಕೀಲನಿಗೆ ಕ್ರಯಪತ್ರವನ್ನು ತೋರಿಸದೆ ರುಜು ಹಾಕಬಾರದು.

ಕೊನೆಗೆ ಅವರು ಮಾಡಿದ್ದೇನು? ಇನ್ನೂ ಮೂವರು ಕೊಳ್ಳುವವರನ್ನು ಕೇಳಿದರು. ಹೆಚ್ಚಿನ ಬೆಲೆ 41,000 ಡಾಲರಿಗೆ ಬಂದಿತು. ಅಣ್ಣನ ಪಾಲೂ ಅಷ್ಟೇ ಇತ್ತು. ಅವನಿಗೆ ಅರುವತ್ತರ ಮೇಲೆ ವಯಸ್ಸು, ಆಸ್ಪತ್ರೆಯ ಸಾಲ. ಅವನು ಪೂರ್ತಿ ಮಾರಿದ. ನಮ್ಮ ಹುಡುಗಿಯ ಮನೆಯಲ್ಲಿ ಇಬ್ಬರಿಗೂ ಸಂಬಳವಿದೆ, ಮಕ್ಕಳು ಚಿಕ್ಕವರು, ಅವರು ಇಟ್ಟುಕೊಂಡರು. ಇಟ್ಟುಕೊಳ್ಳುವ ಮುನ್ನ ಅವಳ ಗಂಡ, “ಇದು ನಮ್ಮಪ್ಪ ಉಳಿಸಿದ್ದು” ಎಂದು ಕಣ್ಣು ಒರಸಿಕೊಂಡನಂತೆ. ಆಗ ಅಣ್ಣ ಹೇಳಿದ ಮಾತು ನನಗೆ ಮೆಚ್ಚಿಕೆಯಾಯಿತು. ಅಪ್ಪ ಇದನ್ನು ಉಳಿಸಿದ್ದು ನಾವು ಪೂಜಿಸಲೆಂದಲ್ಲ, ನಮ್ಮ ಕಷ್ಟಕ್ಕೆ ಆಗಲೆಂದು. ನನ್ನ ಕಷ್ಟ ಈಗ ಬಂದಿದೆ, ಎಂದನಂತೆ. ಅಪ್ಪ ಹಾಕಿದ ಆಲದ ಮರವೆಂದು ಅದಕ್ಕೇ ಜೋತುಬೀಳಬಾರದೆಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ ಅಲ್ಲವೆ?

ಆ ಎರಡು ಬಾವಿಗಳನ್ನು ಇನ್ನೂ ಕೊರೆದಿಲ್ಲ. ಕೊರೆದರೆ ತಮ್ಮ ಗೆದ್ದ, ಕೊರೆಯದಿದ್ದರೆ ಅಣ್ಣ ಗೆದ್ದ ಎಂದು ಊರವರು ಹೇಳಿಯಾರು. ನನ್ನ ಎಣಿಕೆಯಲ್ಲಿ ಇಬ್ಬರೂ ಸರಿಯಾಗಿಯೇ ಮಾಡಿದರು. ಕಾಯುವ ಶಕ್ತಿಯಿದ್ದವನು ಸಾಧ್ಯವನ್ನು ಇಟ್ಟುಕೊಂಡ, ಕಾಯಲಾರದವನು ಅದಕ್ಕೂ ಬೆಲೆ ಪಡೆದು ಮಾರಿದ. ನಿಮಗೆ ನೆಲದಡಿಯ ಅನಿಲ ಬಾರದಿರಬಹುದು. ಹಳೆಯ ಮನೆಯ ಪಾಲೋ, ತೋಟದ ತುಂಡೋ, ತಾತನ ಹೆಸರಿನ ಷೇರು ಪತ್ರವೋ ಎಂದಾದರೂ ಬಂದೀತು. ಕೊಳ್ಳುವವನಿಗೆ ಗೊತ್ತಿರುವುದು ನಿಮಗೂ ಗೊತ್ತಾಗುವವರೆಗೆ ಮಾರಬೇಡಿರಿ. ಗೊತ್ತಾದ ಮೇಲೆ, ಮಾರಬೇಕಾಗಿ ಬಂದರೆ, ಅಳುಕಬೇಡಿರಿ.