ಇಂಗ್ಲೀಷಿನ ಮೂಕಾಕ್ಷರಗಳು
(ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಬಾಲ್ಯದಲ್ಲಿ ನಾನು ‘ಐಲಂಡ್’ ಎಂಬ ಶಬ್ದವನ್ನು ಎಸ್ ಅಕ್ಷರವಿಲ್ಲದೆ ಬರೆದು ಗುರುಗಳಿಂದ ಬೆತ್ತದ ಪ್ರಸಾದವನ್ನು ಪಡೆದೆನು. ಉಚ್ಚರಿಸದ ಅಕ್ಷರವನ್ನು ಬರೆಯುವುದೇತಕ್ಕೆಂದು ಕೇಳಿದುದಕ್ಕೆ ಮತ್ತೊಂದು ಏಟು ಬಿದ್ದಿತು. ಬಹುಕಾಲದ ಮೇಲೆ ತಿಳಿದುದೇನೆಂದರೆ, ಹಳೆಯ ಇಂಗ್ಲೀಷಿನಲ್ಲಿ ಆ ಶಬ್ದಕ್ಕೆ ಎಸ್ ಇರಲೇ ಇಲ್ಲ! ಲ್ಯಾಟಿನ್ನಿನ ‘ಇನ್ಸುಲಾ’ದಿಂದ ಬಂದ ‘ಐಲ್’ ಎಂಬ ಬೇರೊಂದು ಶಬ್ದದೊಡನೆ ಇದಕ್ಕೆ ನಂಟುಂಟೆಂದು ಭ್ರಮಿಸಿ, ೧೬ನೆಯ ಶತಮಾನದಲ್ಲಿ ಅದನ್ನು ತುರುಕಿದರು. ‘ಡೆಟ್’ ಶಬ್ದದ ಬಿ ಅಕ್ಷರವೂ ಇಂತಹುದೇ. ಫ್ರೆಂಚಿನಿಂದ ಬಂದಾಗ ಅದಿರಲಿಲ್ಲ; ಲ್ಯಾಟಿನ್ನಿನ ‘ಡೆಬಿಟುಮ್’ ಶಬ್ದವನ್ನು ನೋಡಿ ಪಂಡಿತರು ಸೇರಿಸಿದರು. ಸಾಲವೆಂಬ ಶಬ್ದಕ್ಕೆ ಅಕ್ಷರವನ್ನೂ ಸಾಲ ತಂದರೆನ್ನೋಣ! ಇಂತಹುದನ್ನು ಬಿಟ್ಟು ಬರೆದ ಹುಡುಗನನ್ನು ತಿದ್ದಿರಿ. ದಡ್ಡನೆಂದು ಮಾತ್ರ ಕರೆಯದಿರಿ.

ಎಲ್ಲ ಮೂಕಾಕ್ಷರಗಳೂ ಪಂಡಿತರ ಪಾಪವಲ್ಲ. ವೀರನೆಂಬರ್ಥದ ‘ನೈಟ್’ ಶಬ್ದದ ಮೊದಲಿನ ಕೆ ಅಕ್ಷರವನ್ನು, ೧೪೭೬ರಲ್ಲಿ ಕ್ಯಾಕ್ಸ್ಟನ್ನನು ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ತೆರೆದಾಗ, ಜನರು ಉಚ್ಚರಿಸುತ್ತಲೇ ಇದ್ದರು. ಅಚ್ಚಿನಿಂದ ಬರವಣಿಗೆಯು ಕ್ರಮೇಣ ಸ್ಥಿರವಾಯಿತು. ನಾಲಗೆಯು ಮಾತ್ರ ನಿಲ್ಲದೆ ಮುಂದೆ ಸಾಗಿತು. ನಮ್ಮ ಹಳಗನ್ನಡದ ಱ, ೞಗಳ ಗತಿಯು ಬೇರೆ. ಧ್ವನಿಯು ಹೋದ ಮೇಲೆ ಕನ್ನಡಿಗರು ಕಾಲಕ್ರಮದಲ್ಲಿ ಅಕ್ಷರಗಳನ್ನೂ ಬೀಳ್ಕೊಟ್ಟರು.