ಬಾಡಿಗೆಯ ಸಾರಥಿ

ಸದ್ಭಕ್ತರೇ, ಉದ್ಯಮಬಾಗದ ನೀವು ಎರಕದ ಭಟ್ಟಿ, ಲೇಥುಗಳ ಮುಂದೆ ಪಾಳಿಯ ಮೇಲೆ ದುಡಿಯುವವರು. ರಾತ್ರಿಪಾಳಿ ಮುಗಿಸಿದವನನ್ನು ಹಗಲುಪಾಳಿಗೂ ನಿಲ್ಲಿಸಿದರೆ ಏನಾದೀತೆಂದು ನಿಮಗೆ ಹೇಳಬೇಕಾಗಿಲ್ಲ. ಆ ತಪ್ಪು ನಮ್ಮಿಂದಲೇ ಆಯಿತು.

ಕೆಲವು ವರುಷಗಳ ಕೆಳಗೆ ಇಲ್ಲಿಂದಲೇ ಬಾಡಿಗೆಯ ಮೋಟಾರಿನಲ್ಲಿ ಬೆಳಗಿನ ಜಾವ ಶ್ರೀಶೈಲಕ್ಕೆ ಹೊರಟೆವು. 500 ಕಿಲೋಮೀಟರಿಗೂ ಮಿಕ್ಕಿದ ದಾರಿ. ಬಾಡಿಗೆ ಎಷ್ಟು, ಟೋಲು ಯಾರ ಮೇಲೆ, ನಂಬರಿನ ಫಲಕ ಹಳದಿಯದು ಹೌದೋ ಅಲ್ಲವೋ, ಭಕ್ತರು ಎಲ್ಲವನ್ನೂ ವಿಚಾರಿಸಿದ್ದರು. ಚಾಲಕನು ಹಿಂದಿನ ರಾತ್ರಿ ಮಲಗಿದ್ದನೇ ಎಂದು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಕಠೋಪನಿಷತ್ತು ಬುದ್ಧಿಯನ್ನು ಸಾರಥಿ ಎಂದು ಕರೆದಿದೆ. ಪಾಠಶಾಲೆಯಲ್ಲಿ ಅದನ್ನು ಕಂಠಪಾಠ ಮಾಡಿದ ನಮಗೆ ಮುಂದೆ ಕುಳಿತ ಸಾರಥಿ ಕಾಣಲಿಲ್ಲ. ಸಾಯಂಕಾಲದ ಲಿಂಗಪೂಜೆಗೆ ಅಲ್ಲಿ ಮುಟ್ಟಬೇಕೆಂದು ಅವಸರಪಡಿಸಿದೆವು. ಹೊಸಪೇಟೆಯ ಭಕ್ತರ ಮನೆಯಲ್ಲಿ ನಮಗೆ ಪ್ರಸಾದವಾಯಿತು. ಅವನು ಹೊರಗೆ ಮೋಟಾರಿನಲ್ಲೇ ಕುಳಿತಿದ್ದ. ದಾಸೋಹದ ಮಠದವರು ನಾವು!

ಬಳ್ಳಾರಿ ದಾಟಿದ ಮೇಲೆ ಮೋಟಾರು ರಸ್ತೆ ಬಿಟ್ಟು ಜಾಲಿಯ ಕಂಟಿಯೊಳಗೆ ನುಗ್ಗಿತು. ಶಿವನ ದಯೆ, ಯಾರಿಗೂ ಗಾಯವಾಗಲಿಲ್ಲ. ಅವನು ನಡುಗುತ್ತ ಕೈಮುಗಿದ. "ಅಪ್ಪಾರ, ನಿನ್ನಿ ರಾತ್ರಿಯೆಲ್ಲಾ ಗೋವಾದಿಂದ ಗಾಡಿ ಹೊಡಕೊಂಡ ಬಂದೀನ್ರಿ. ಒಲ್ಲೆ ಅಂದ್ರ ಈ ಬಾಡಿಗಿ ಹೋಗತಿತ್ರಿ."

ಮೋಟಾರು ಕಾರ್ಮಿಕರಿಗೆ ದಿನಕ್ಕೆ 8 ತಾಸಿನ ದುಡಿಮೆ, 5 ತಾಸಿಗೊಮ್ಮೆ ಅರ್ಧ ತಾಸಿನ ವಿಶ್ರಾಂತಿ ಎಂದು 1961ರ ಕಾಯಿದೆಯೇ ಹೇಳಿತ್ತು. ಕಾಯಿದೆ ಹಾಗಿರಲಿ. ಅಂಗದ ಮೇಲೆ ಲಿಂಗವಿರುವವನಿಗೆ ಪೂಜೆಗೆ ಇಂಥ ಊರೇ ಮುಟ್ಟಬೇಕೆಂಬ ನಿರ್ಬಂಧವೆಲ್ಲಿಯದು? ಅಂದು ದಾರಿಬದಿಯ ಬೇವಿನ ಕೆಳಗೆ ಪೂಜೆ ಮಾಡಿದೆವು. ಅವನು ಹಿಂದಿನ ಆಸನದಲ್ಲಿ ಮೂರು ತಾಸು ಮಲಗಿದ.

ಈಗ ದೂರದ ದಾರಿಗೆ ಮಠದಿಂದ ಇಬ್ಬರು ಚಾಲಕರನ್ನು ಗೊತ್ತುಮಾಡುತ್ತಾರೆ. ಅವರಿಗೆ ಪ್ರಸಾದ ನಮ್ಮ ಪಂಕ್ತಿಯಲ್ಲೇ.