ಓಣಿಯ ಬೆಕ್ಕಿನ ಹೊಣೆ ಯಾರದ್ದು?

(ದಾಂಡೇಲಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಅಲ್ಲಾಹನಿಗೆ ಸ್ತುತಿ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್.



ಕಳೆದ ವಾರ ಮಗ್ರಿಬ್ ನಮಾಝಿನ ಬಳಿಕ ಒಬ್ಬ ಯುವಕ ಬಂದು ಕೇಳಿದ: "ಮೌಲಾನಾ, ಒಂದು ಬೆಕ್ಕನ್ನು ಚೀಲಕ್ಕೆ ಹಾಕಿ ಕಾಳಿ ಹೊಳೆ ದಾಟಿಸಿ ಕಾಡಿಗೆ ಬಿಟ್ಟು ಬಂದ್ರೆ ಗುನಾಹ್ ಆಗ್ತದಾ?"

ವಿಚಾರಿಸಿದೆ. ಅವರ ಮನೆಯಲ್ಲಿ ಸಾಕಿದ ಹೆಣ್ಣು ಬೆಕ್ಕಿದೆ. ರಾತ್ರಿಯಾದರೆ ಓಣಿಯ ಗಂಡು ಬೆಕ್ಕೊಂದು ಹಂಚಿನ ಸಂದಿಯಿಂದ ಇಳಿಯುತ್ತದೆ. ಇದನ್ನು ಕಚ್ಚುತ್ತದೆ, ಇದರ ಅನ್ನ ತಿನ್ನುತ್ತದೆ, ಜಾನಮಾಝಿನ ಮೇಲೆ ಮೂತ್ರ ಸಿಡಿಸುತ್ತದೆ. ಆ ಬೆಕ್ಕನ್ನು ಸಾಕಿದ್ದು ಪಕ್ಕದ ಮನೆಯ ಬಾಡಿಗೆದಾರರು. ಕೆಲಸದ ಗುತ್ತಿಗೆ ಮುಗಿದಾಗ ಅವರು ಪಾತ್ರೆ, ಮಂಚ ಒಯ್ದರು, ಬೆಕ್ಕನ್ನು ಬಿಟ್ಟು ಹೋದರು. ಈಗ ಯುವಕನ ತಾಯಿ ಪಕ್ಕದ ಮನೆಯ ಮಾಲೀಕರನ್ನು ದೂರುತ್ತಾರೆ, ಅವರು "ನಮ್ಮದಲ್ಲ" ಎನ್ನುತ್ತಾರೆ. ಎರಡು ಮನೆಗಳ ನಡುವೆ ಹದಿನೈದು ದಿನದಿಂದ ಸಲಾಮ್ ಇಲ್ಲ.

ಸಹೋದರರೇ, ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಸ್ತ್ರೀ ನರಕಕ್ಕೆ ಹೋದಳೆಂಬ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅವಳು ತಾನೂ ತಿನ್ನಿಸಲಿಲ್ಲ, ಅದು ಹುಡುಕಿ ತಿನ್ನಲೂ ಬಿಡಲಿಲ್ಲ. ಮರಿಯಿದ್ದಾಗ ಹಾಲು ಹಾಕಿ, ಕೈತುತ್ತಿಗೆ ಒಗ್ಗಿಸಿ, ಆಮೇಲೆ ಬಾಗಿಲು ಮುಚ್ಚಿ ಹೋಗುವುದು ಇದಕ್ಕಿಂತ ಎಷ್ಟು ದೂರ? ಯೋಚಿಸಿ.

ಅಬೂ ಕತಾದ(ರ) ವುಝೂವಿನ ನೀರನ್ನು ಬೆಕ್ಕು ಕುಡಿಯಲೆಂದು ಪಾತ್ರೆಯನ್ನೇ ಬಾಗಿಸಿದರು. ಸೊಸೆ ಕಬ್ಶಾ ಅಚ್ಚರಿಯಿಂದ ನೋಡಿದಾಗ, ಬೆಕ್ಕು ನಜೀಸ್ ಅಲ್ಲ, ಅದು ನಮ್ಮ ನಡುವೆ ಓಡಾಡಿಕೊಂಡಿರುವ ಜೀವಿ ಎಂಬ ಪ್ರವಾದಿ(ಸ)ರ ಮಾತನ್ನು ತಿಳಿಸಿದರು. ಆದರೆ ಅದರ ಮೂತ್ರ ನಜೀಸ್. ಜಾನಮಾಝನ್ನು ತೊಳೆದು ನಮಾಝ್ ಮಾಡಿ. ತೊಳೆದರೆ ಹೋಗುವ ಕೊಳೆಗಾಗಿ ಒಂದು ಜೀವವನ್ನು ತೆಗೆಯಬೇಡಿ.

ಕಾಡಿಗೆ ಬಿಡುವುದು ಬಿಡುಗಡೆಯಲ್ಲ. ನಮ್ಮ ಸುತ್ತ ಇರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಒಲೆಯ ಪಕ್ಕ ಮಲಗಿದ ಬೆಕ್ಕು ಚಿರತೆಯ ಕಾಡಿನಲ್ಲಿ ಎಷ್ಟು ದಿನ ಬದುಕೀತು? ವಿಷ ಹಾಕುವುದಂತೂ ಘೋರ. ಹಸಿದು ಸಾಯುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ವಿಷವಿಕ್ಕುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರವೂ ಅಪರಾಧ.

ಹಾಗಾದರೆ ದಾರಿ ಯಾವುದು? ಗಂಡು ಬೆಕ್ಕು ಹೀಗೆ ಕೂಗುವುದು, ಕಾದಾಡುವುದು, ಮೂತ್ರ ಸಿಡಿಸುವುದು ಹೆಚ್ಚಾಗಿ ಬೆದೆಯ ಕಾರಣದಿಂದ. ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಕೆಲವು ವಾರಗಳಲ್ಲಿ ಬಹುತೇಕ ತಗ್ಗುತ್ತದೆ. ಪ್ರಯೋಜನವಿದ್ದರೆ ಇದಕ್ಕೆ ಹನಫೀ ಫಿಕ್‌ಹ್‌ನಲ್ಲಿ ಅನುಮತಿಯಿದೆ, ಬೆಕ್ಕಿನ ಹೆಸರನ್ನೇ ಹೇಳಿದ್ದಾರೆ. ಶಾಫಿಈ ಸಹೋದರರು ತಮ್ಮ ಉಲಮಾರನ್ನು ಕೇಳಿಕೊಳ್ಳಲಿ. ರಾತ್ರಿ ನಿಮ್ಮ ಬೆಕ್ಕನ್ನು ಒಳಗಿಡಿ, ಸಂದಿ ಮುಚ್ಚಿ, ಉಳಿದ ಅನ್ನವನ್ನು ಹೊರಗೆ ಬಿಡಬೇಡಿ. ಬೆಕ್ಕು ಕಚ್ಚಿದರೆ ಹದಿನೈದು ನಿಮಿಷ ಸಾಬೂನು ಹಚ್ಚಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ.

ನಾನೂ ಒಪ್ಪಿಕೊಳ್ಳಬೇಕು. ಅದೇ ಬೆಕ್ಕು ಫಜ್ರ್ ವೇಳೆ ಮಸೀದಿಯ ಹೌಝ್ ಬಳಿ ಬಂದಾಗ ಎರಡು ಸಲ ಕಲ್ಲೆಸೆದು ಓಡಿಸಿದ್ದೆ. ಅದರ ಕಿವಿಯ ಕೆಳಗೆ ಕೀವು ತುಂಬಿದ ಗಾಯವಿತ್ತು. ನಾನು ನೋಡಿರಲಿಲ್ಲ. ಅಲ್ಲಾಹನು ಕ್ಷಮಿಸಲಿ.

ಬುಧವಾರ ಆ ಯುವಕ ಮತ್ತು ಪಕ್ಕದ ಮನೆಯ ಚಾಚಾ ಸೇರಿ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಪಶುವೈದ್ಯರ ಬಳಿ ಒಯ್ದರು. ಗಾಯ ಒಣಗಿದ ಮೇಲೆ ಶಸ್ತ್ರಚಿಕಿತ್ಸೆ ಎಂದಿದ್ದಾರೆ. ಖರ್ಚು ಇಬ್ಬರದೂ ಅರ್ಧರ್ಧ. ದಾರಿಯಲ್ಲಿ ಮೊದಲು ಸಲಾಮ್ ಹೇಳಿದ್ದು ಚಾಚಾ. ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡಬಾರದು, ಮೊದಲು ಸಲಾಮ್ ಹೇಳಿದವನೇ ಉತ್ತಮ ಎಂದು ನಮಗೆ ಕಲಿಸಲಾಗಿದೆಯಲ್ಲವೇ?

ಮನೆ ಬದಲಿಸುವವರೇ, ಸಾಮಾನು ಎಣಿಸುವಾಗ ನಿಮ್ಮ ಕೈಯಿಂದ ತಿಂದ ಜೀವವನ್ನೂ ಎಣಿಸಿಕೊಳ್ಳಿ. ಒಯ್ಯಲಾಗದಿದ್ದರೆ ಒಪ್ಪಿದವರ ಕೈಗೆ ಒಪ್ಪಿಸಿ ಹೋಗಿ.

ಮೂಕಜೀವಿಗಳ ಮತ್ತು ನೆರೆಯವರ ಹಕ್ಕು ತೀರಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ನೀಡಲಿ. ಆಮೀನ್.